ಹೊಕ್ಕುಳಿಲ್ಲದ ಗಾಜು

ಗಾಜಿಗೂ ಹೊಕ್ಕುಳಿರುತ್ತದೆ ಎಂದು ನನಗೆ ಹೇಳಿಕೊಟ್ಟವರು ಹೊಸಕೋಟೆಯ ಒಬ್ಬ ನಿವೃತ್ತ ದನದ ಡಾಕ್ಟರು. ಹಿಂದಿನ ಕಾಲದಲ್ಲಿ ಬಾಯಿಂದ ಊದಿ ಮಾಡುತ್ತಿದ್ದ ಗಾಜಿನ ಪಾತ್ರೆಯನ್ನು ಕೊನೆಯಲ್ಲಿ ಒಂದು ಕಬ್ಬಿಣದ ಸರಳಿನ ತುದಿಗೆ ಅಂಟಿಸಿ ಹಿಡಿದು, ಬಾಯಂಚು ತಿದ್ದಿ, ಆಮೇಲೆ ಸರಳಿನಿಂದ ಮುರಿದು ಬಿಡಿಸುತ್ತಿದ್ದರಂತೆ. ಮುರಿದ ಜಾಗದಲ್ಲಿ, ಬುಡದ ನಟ್ಟನಡುವೆ, ಒರಟು ಗುರುತೊಂದು ಉಳಿಯುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅದಕ್ಕೆ ಬೇರೆ ಹೆಸರಿದೆ. ಜೀವಮಾನವೆಲ್ಲ ಕರು ಎಳೆದು ಹೊಕ್ಕುಳಬಳ್ಳಿ ಕತ್ತರಿಸಿದ್ದ ಡಾಕ್ಟರಿಗೆ ಆ ಹೆಸರು ಹಿಡಿಸಲಿಲ್ಲ. ನನ್ನ ಹೆಬ್ಬೆರಳು ಹಿಡಿದು ಒಂದು ನೀಲಿ ಗಾಜಿನ ಬುಡಕ್ಕೆ ಒತ್ತಿಸಿದರು.

‘ಇದು ಹೊಕ್ಕುಳು ಕಣಯ್ಯ. ಇದಿದ್ರೆ ಯಾವನೋ ಒಬ್ಬ ಉಸಿರು ಕೊಟ್ಟಿದ್ದಾನೆ ಅಂತ. ಇಲ್ದಿದ್ರೆ ಮಿಷನ್ನು.’

ಅಂದಿನಿಂದ ಯಾವ ಗಾಜು ಕೈಗೆ ಬಂದರೂ ನನ್ನ ಹೆಬ್ಬೆರಳು ತಾನಾಗಿಯೇ ಕೆಳಗೆ ಹೋಗುತ್ತದೆ. ಮದುವೆ ಮನೆಯಲ್ಲಿ ಪಾನಕದ ಲೋಟ ಕೊಟ್ಟರೂ ಹೋಗುತ್ತದೆ. ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ.

ನಾನು ಹುಟ್ಟಾ ಅಂಜುಬುರುಕ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸು ಬರುವ ಜಾತಿ. ಬೆಳಗಿನ ಹೊತ್ತು ಫೋನು ಬಡಿದರೆ ಯಾರೋ ಹೋದರು ಎಂದುಕೊಂಡೇ ಎತ್ತುತ್ತೇನೆ. ಅತ್ತಕಡೆ ದೇವನಹಳ್ಳಿ ಹತ್ತಿರ ಸೈಟು ಬೇಕಾ ಸರ್ ಎಂದು ಕೇಳುವ ಹುಡುಗಿ ಇರುತ್ತಾಳೆ. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನನ್ನ ಕೆಲಸ. ಅಲ್ಲಿಯೂ ಏನೋ ಕಡಿಮೆ ಬಿದ್ದಿದೆ ಎಂಬ ದಿಗಿಲಿನಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಇಂಥವನು ಹವ್ಯಾಸಕ್ಕೆಂದು ನಾಣ್ಯವನ್ನೋ ಅಂಚೆಚೀಟಿಯನ್ನೋ ಹಿಡಿಯಬಹುದಿತ್ತು. ಬಿದ್ದರೆ ಎತ್ತಿಕೊಂಡರಾಯಿತು. ನಾನು ಹಿಡಿದದ್ದು ಗಾಜು.

‘ಎದೆ ಹೊಡ್ಕೊಳ್ಳೋಕೆ ಬೇರೆ ದಾರಿ ಸಿಗ್ಲಿಲ್ವಾ ನಿಮಗೆ?’ ಎಂದು ಹೆಂಡತಿ ಆಗಲೇ ಕೇಳಿದ್ದಳು. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾಗ, ಮಣ್ಣಿನ ಗುಡ್ಡೆಯ ಮೇಲೆ ಒಂದು ಚೂರೂ ಮುಕ್ಕಾಗದೆ ಕೂತಿದ್ದ ಲಾಟೀನಿನ ಬುರುಡೆಯನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದಿದ್ದ ದಿನ ಅದು. ‘ಮಗಳು ಹುಟ್ಟಿದಾಗ್ಲೂ ಇಷ್ಟು ಹುಷಾರಾಗಿ ಎತ್ಕೊಂಡಿರ್ಲಿಲ್ಲ’ ಎಂದಳು. ನಿಜವೇ. ಮಗಳು ಅಳುತ್ತಿದ್ದಳು, ಹಾಗಾಗಿ ಎಲ್ಲಿ ಏನಾಗಿದೆ ಎಂದು ಗೊತ್ತಾಗುತ್ತಿತ್ತು.

ಆ ಬುರುಡೆಯ ಬೆನ್ನು ಹತ್ತಿ ಹೋಗಿ ನಮ್ಮ ಸಂಘಕ್ಕೆ ಸೇರಿದೆ. ಸಂಘ ಎಂದರೆ ನೋಂದಣಿ ಇಲ್ಲ, ಬೋರ್ಡಿಲ್ಲ. ಒಂದು ಕಾಲಕ್ಕೆ ಹತ್ತಾರು ಜನ ಇದ್ದರಂತೆ. ಕೆಲವರು ಹಳೇ ಗಡಿಯಾರಕ್ಕೆ ಹೋದರು, ಕೆಲವರು ದೇವಸ್ಥಾನದ ಟ್ರಸ್ಟಿಗೆ ಹೋದರು, ಕೆಲವರು ಹೋಗಿಯೇಬಿಟ್ಟರು. ವಾಟ್ಸಾಪ್ ಗುಂಪಿನಲ್ಲಿ ಈಗಲೂ ತುಂಬ ಜನ ಇದ್ದಾರೆ, ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸುತ್ತಾರೆ. ನಿಜವಾಗಿ ಸೇರುತ್ತಿದ್ದವರು ಮೂವರು: ಡಾಕ್ಟರು, ನಾನು, ಮತ್ತು ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ಹೆದ್ದಾರಿ ಪಕ್ಕ ಟೈರ್ ಅಂಗಡಿ ಇಟ್ಟಿರುವ ಒಬ್ಬ ಗೆಳೆಯ. ಅವನದು ಗೋಲಿ ಸೋಡಾ ಸೀಸೆಗಳ ಹುಚ್ಚು.

ನಮ್ಮ ಆಸ್ತಿ ಏನೆಂದರೆ ಒಂದು ಭೂತಗನ್ನಡಿ. ಖೋಟಾ ನೋಟು ಹಿಡಿಯುವ ನೇರಳೆ ಬೆಳಕಿನ ಒಂದು ಟಾರ್ಚು, ಅದರ ಬೆಳಕು ಬಿದ್ದರೆ ಕೆಲವು ಬಗೆಯ ಹಳೆಯ ಹಸಿರು ಗಾಜು ಮಿಂಚುಹುಳದ ಹಾಗೆ ಹೊಳೆಯುತ್ತದೆ. ಯಾರೋ ಯಾರಿಂದಲೋ ತಂದು ಜೆರಾಕ್ಸ್ ಮಾಡಿಸಿದ, ಚಿತ್ರಗಳೆಲ್ಲ ಕಪ್ಪಾದ ಒಂದು ಪುಸ್ತಕ. ಮತ್ತೆ ನೆಲಮಂಗಲದಿಂದ ಹೊಸಕೋಟೆಯವರೆಗಿನ ಗುಜರಿ ಅಂಗಡಿಯವರ ಫೋನ್ ನಂಬರುಗಳು. ಯಾವ ಊರಿನಲ್ಲಿ ಯಾವ ಹಳೇ ಮನೆ ಬೀಳುತ್ತಿದೆ ಎಂಬುದು ಪಂಚಾಯಿತಿಯವರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು. ಹೊರದೇಶದ ಸಂಗ್ರಾಹಕರ ಗುಂಪುಗಳೂ ಫೇಸ್‌ಬುಕ್ಕಿನಲ್ಲಿವೆ. ಫೋಟೋ ಹಾಕಿದರೆ ಯಾರಾದರೂ ಪುಣ್ಯಾತ್ಮರು ಅದು ಯಾವ ಕಾಲದ್ದು ಎಂದು ಹೇಳುತ್ತಾರೆ. ನಾನು ಬಹಳ ಹೆಮ್ಮೆಯಿಂದ ಒಂದು ಕಂದು ಸೀಸೆಯ ಫೋಟೋ ಹಾಕಿದ್ದೆ. ಕೆಮ್ಮಿನ ಸಿರಪ್ಪಿನದು ಎಂದು ಉತ್ತರ ಬಂತು.

ಗಾಜಿನವರಿಗೆ ಕೆಲವು ಕಟ್ಟಳೆಗಳಿವೆ. ಗಾಜನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಒಬ್ಬರು ಮೇಜಿನ ಮೇಲೆ ಇಡಬೇಕು, ಕೈ ಬಿಡಬೇಕು, ಆಮೇಲೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ನೀನು ಹಿಡಿದೆ ಎಂದು ನಾನು, ನಾನು ಬಿಟ್ಟೆ ಎಂದು ನೀನು ಅಂದುಕೊಳ್ಳುವ ಆ ಅರೆಗಳಿಗೆಯಲ್ಲೇ ಲೋಕದ ಮುಕ್ಕಾಲು ಗಾಜು ಒಡೆದಿರುವುದು ಎಂದು ಡಾಕ್ಟರು ಹೇಳುತ್ತಿದ್ದರು. ಇನ್ನೊಂದು ಕಟ್ಟಳೆ ತೊಳೆಯುವುದರದ್ದು. ವರ್ಷಕ್ಕೊಮ್ಮೆ, ಪಿತೃಪಕ್ಷದ ಒಂದು ಭಾನುವಾರ, ನಾವು ಡಾಕ್ಟರ ಮನೆಯಲ್ಲಿ ಸೇರುತ್ತಿದ್ದೆವು. ಆಗ ಯಾರ ಮನೆಯ ಮದುವೆ, ಗೃಹಪ್ರವೇಶದ ಕಾಟವೂ ಇರುವುದಿಲ್ಲ. ಅವರ ಶೋಕೇಸಿನ ಮುಂದಿನ ಸಾಲನ್ನು ಹಿತ್ತಲಿಗೆ ತಂದು ತೊಳೆಯುವುದು. ತೊಳೆಯುವವರು ಗಾಜಿನ ಯಜಮಾನರೊಬ್ಬರೇ. ಮಿಕ್ಕವರು ಒರೆಸಬಹುದು ಅಷ್ಟೆ. ಪ್ಲಾಸ್ಟಿಕ್ ಟಬ್ಬಿಗೆ ಹಳೇ ಜಮಖಾನ ಹಾಸಬೇಕು, ನಲ್ಲಿಯ ಮೂತಿಗೆ ಬಟ್ಟೆ ಸುತ್ತಬೇಕು, ಅಂಟುವಾಳದ ನೊರೆ ಬೆಚ್ಚಗಿರಬೇಕು, ಉಂಗುರ ವಾಚು ಎಲ್ಲ ಬಿಚ್ಚಿಡಬೇಕು. ಅಷ್ಟೂ ಹೊತ್ತು ಡಾಕ್ಟರು ನಮ್ಮನ್ನು ಬೈಯುತ್ತಿದ್ದರು. ಒರೆಸೋದು ಅಂದ್ರೆ ತಿಕ್ಕೋದಲ್ಲಯ್ಯ, ಎಮ್ಮೆ ಮೈ ತೊಳೀತಿದ್ದೀಯಾ, ಎನ್ನುವರು. ಎಲ್ಲ ಮುಗಿದ ಮೇಲೆ ಒಂದೊಂದನ್ನೂ ಮುಂದಿಟ್ಟುಕೊಂಡು ಅದು ಯಾವ ಊರಿನ, ಯಾವ ಮನೆಯದೆಂಬ ಕತೆ. ಪ್ರತಿ ವರ್ಷ ಅದೇ ಕತೆ. ನಾವು ಬೇಸರವಿಲ್ಲದೆ ಕೇಳುತ್ತಿದ್ದೆವು.

ಹೊಸಕೋಟೆ ತಾಲ್ಲೂಕಿನಲ್ಲೇ ಅವರ ನೌಕರಿ ಬಹುಪಾಲು ಕಳೆದಿತ್ತು. ದನ ನೋಡಲು ಹೋದಲ್ಲಿ ಅಟ್ಟ, ಗೂಡು, ಕೊಟ್ಟಿಗೆಯ ಮೂಲೆ ಎಲ್ಲದರ ಮೇಲೂ ಕಣ್ಣು. ಶೋಕೇಸಿನ ಕೆಂಪು ದೀಪದ ಬುರುಡೆ ಒಂದು ಮನೆಯಲ್ಲಿ ತಲೆಕೆಳಗಾಗಿ ಕೋಳಿಗೆ ನುಚ್ಚು ಹಾಕುವ ಬಟ್ಟಲಾಗಿತ್ತಂತೆ. ಎಲ್ಲಕ್ಕಿಂತ ಅವರಿಗೆ ಪ್ರಿಯವಾದದ್ದು ನೀಲಿ ಪನ್ನೀರುದಾನಿ, ನನ್ನ ಹೆಬ್ಬೆರಳನ್ನು ಒತ್ತಿಸಿದ್ದು ಅದರ ಬುಡಕ್ಕೇ. ಹಂಸದ ಕೊರಳಿನ ಹಾಗೆ ಉದ್ದ ಕತ್ತು, ಹೊಟ್ಟೆಯ ಮೇಲೆ ಮಾಸಿದ ಚಿನ್ನದ ಗೆರೆ. ನಂದಗುಡಿ ಕಡೆಯ ಒಂದು ಮನೆಯಲ್ಲಿ ಎಮ್ಮೆಗೆ ಕಷ್ಟದ ಹೆರಿಗೆಯಾಗಿ, ತಾಯಿ ಕರು ಎರಡೂ ಉಳಿದಾಗ, ಆ ಮನೆಯ ಅಜ್ಜಿ ಏನು ಬೇಕು ಕೇಳು ಮಗ ಎಂದಳಂತೆ. ಡಾಕ್ಟರು ಗೂಡಿನ ಕಡೆ ಕೈ ತೋರಿಸಿದರು. ಮಕ್ಕಳಿಗೆ ಕುಡಿಸುವ ಹರಳೆಣ್ಣೆಯನ್ನು ಆಕೆ ಅದರಲ್ಲಿ ತುಂಬಿಟ್ಟಿದ್ದಳು. ಎಣ್ಣೆ ಬಸಿದು ಕೊಟ್ಟಳು. ‘ಇದನ್ನ ತಗೊಂಡು ಏನ್ ಮಾಡ್ತೀಯೋ, ಹುಚ್ಚಪ್ಪ’ ಎಂದಳಂತೆ.

ಆಮೇಲೆ ಡಾಕ್ಟರ ಕೈ ನಡುಗತೊಡಗಿತು. ಮೊದಲು ಬಲಗೈಯ ಹೆಬ್ಬೆರಳು, ಏನನ್ನೋ ಎಣಿಸುವ ಹಾಗೆ. ಪಾರ್ಕಿನ್ಸನ್ ಎಂದು ಗೊತ್ತಾಯಿತು. ಅವರು ಅದರ ಬಗ್ಗೆಯೂ ದನದ ಭಾಷೆಯಲ್ಲೇ ಮಾತಾಡುತ್ತಿದ್ದರು.

‘ಸುಮ್ನೆ ಇದ್ದಾಗ ಕುಣಿಯುತ್ತೆ ಕಣಯ್ಯ. ಕೆಲಸಕ್ಕೆ ಕಟ್ಟಿದ್ರೆ ಸುಮ್ಕಾಗುತ್ತೆ. ಪುಂಡ ಹೋರಿ ಥರ.’

ನಾವು ನಕ್ಕೆವು. ವಯಸ್ಸಾದವರು ಹೇಳಿಕೊಳ್ಳುವ ಧೈರ್ಯ ಎಂದುಕೊಂಡೆವು. ಆ ಬೇಸಿಗೆಯಲ್ಲಿ ಅವರು ಶೋಕೇಸಿನಿಂದ ಒಂದು ಹಸಿರು ಬಟ್ಟಲು ತೆಗೆಯುವಾಗ ಅದು ಕೈಜಾರಿ ಚೂರಾಯಿತು. ಎರಡು ಹೊತ್ತು ಊಟ ಬಿಟ್ಟು ಕೂತಿದ್ದರಂತೆ. ಚೂರುಗಳನ್ನು ಎಸೆಯಲು ಬಿಡಲಿಲ್ಲ. ಒಡೆದ ಗಾಜು ಮನೆಯಲ್ಲಿರಬಾರದು ಎಂದು ಅಮ್ಮ ಎಷ್ಟು ಹೇಳಿದರೂ ಕೇಳದೆ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಅಮ್ಮ ಎಂದರೆ ಡಾಕ್ಟರ ಹೆಂಡತಿ. ಸಂಘದ ಮೂವರಿಗೂ ಬಡಿಸಿ ಬಡಿಸಿ ಸುಸ್ತಾಗಿದ್ದ ಜೀವ. ಗಾಜಿನ ಬಗ್ಗೆ ಅವರಿಗಿದ್ದ ಅಭಿಪ್ರಾಯ, ಅದರಲ್ಲಿ ಸಾರು ಮಾಡಲಾಗುವುದಿಲ್ಲ ಎಂಬುದಷ್ಟೇ.

ಗಣೇಶನನ್ನು ಬಿಟ್ಟ ಮೇಲೆ ಅಮ್ಮ ನನಗೆ ಫೋನ್ ಮಾಡಿದರು. ಬೆಳಗಿನ ಹೊತ್ತು. ನಾನು ಯಥಾಪ್ರಕಾರ ಹೆದರಿಯೇ ಎತ್ತಿದೆ.

‘ಏನಪ್ಪಾ, ಈ ವರ್ಷ ತೊಳೆಯೋದು ಬೇಡ ಅಂತ ನೀವೇ ಹೇಳಿ ಅವರಿಗೆ. ನಾನು ಹೇಳಿದ್ರೆ ಮುಖ ತಿರುಗಿಸ್ಕೋತಾರೆ. ತೊಳೆದೇ ತೊಳೀತೀನಿ ಅಂತ ಕೂತಿದ್ದಾರೆ. ಬಟ್ಟಲು ಹೋಗಿದ್ದಕ್ಕೇ ಹಂಗಾದ್ರು. ಆ ನೀಲೀದು ಕೈಯಿಂದ ಜಾರಿದ್ರೆ ಅವರು ಉಳೀತಾರಾ?’

ನಾನು ಆ ಭಾನುವಾರವೇ ಅರಿಶಿನಕುಂಟೆಗೆ ಹೋದೆ. ಟೈರ್ ಅಂಗಡಿಯ ಮುಂದೆ ಲಾರಿಯೊಂದನ್ನು ಜಾಕಿಯ ಮೇಲೆ ಎತ್ತಿ ನಿಲ್ಲಿಸಿದ್ದರು. ಅದು ಬಿದ್ದರೆ ಯಾವ ಕಡೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಇನ್ನೊಂದು ಕಡೆ ನಿಂತೆ.

‘ಬೇಡ ಅಂತ ಹೇಳೋಕಾಗುತ್ತಾ ಗುರು?’ ಎಂದ ಗೆಳೆಯ. ‘ಅವರ ಗಾಜು, ಅವರ ಕೈ. ನಾನಂತೂ ಹೇಳಲ್ಲ.’

‘ಹಂಗಂತ ಒಡೆಯೋಕೆ ಬಿಡೋದಾ?’

ಅವನು ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿದ. ‘ಡೂಪ್ಲಿಕೇಟ್ ಇಟ್ರೆ?’

ಮದುವೆ ಮಂಟಪ ಸಿಂಗರಿಸುವವರಿಗೆ ಸಾಮಾನು ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಪನ್ನೀರುದಾನಿ, ಬಣ್ಣದ ಹೂದಾನಿ, ದೀಪದ ಬುರುಡೆ, ಎಲ್ಲ ಹೊಸದು, ಎಲ್ಲ ಹಳೆಯದರಂತೆ ಕಾಣುವಂಥದು. ಅಮ್ಮ ಮೊಬೈಲಿನಲ್ಲಿ ಮುಂದಿನ ಸಾಲಿನ ಫೋಟೋ ತೆಗೆದು ಕಳಿಸಿದರು. ನಾವಿಬ್ಬರೂ ಅಂಗಡಿಯಿಂದ ಅಂಗಡಿಗೆ ಅಲೆದೆವು. ಅಷ್ಟು ಶ್ರದ್ಧೆಯಿಂದ ನಾವು ನಿಜವಾದ ಹಳೇ ಗಾಜನ್ನೂ ಹುಡುಕಿರಲಿಲ್ಲ. ಹೊಸ ನೀಲಿ ಪನ್ನೀರುದಾನಿಯ ಚಿನ್ನದ ಗೆರೆ ವಿಪರೀತ ಹೊಳೆಯುತ್ತಿತ್ತು, ಗೆಳೆಯ ಅದನ್ನು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿ ಮಾಸುವಂತೆ ಮಾಡಿದ. ತನ್ನ ಕೆಲಸಕ್ಕೆ ತಾನೇ ಬೆರಗಾಗಿ, ‘ನಾವು ತಪ್ಪು ಲೈನಲ್ಲಿದ್ದೀವಿ ಕಣೋ’ ಎಂದ.

ಡಾಕ್ಟರು ತಪಾಸಣೆಗೆಂದು ಬೆಂಗಳೂರಿಗೆ ಹೋಗಿದ್ದ ಶನಿವಾರ ಅದಲುಬದಲು ನಡೆಯಿತು. ನಿಜವಾದವುಗಳನ್ನು ನಾನು ರಟ್ಟಿನ ಪೆಟ್ಟಿಗೆಯಲ್ಲಿ ರಾಗಿ ಹೊಟ್ಟಿನ ನಡುವೆ ಹುದುಗಿಸಿ, ಸೂಲಿಬೆಲೆ ದಾರಿಯ ಒಂದೊಂದು ಹಂಪ್ಸಿಗೂ ಕಾರನ್ನು ಮೆಲ್ಲಗೆ ಹತ್ತಿಸಿ ಇಳಿಸಿ, ಹಿಂದಿನವರ ಹಾರ್ನು ಬೈಗುಳ ತಿಂದು ಮನೆಗೆ ತಂದೆ. ಬೀರುವಿನ ಮೇಲಿಟ್ಟರೆ ಭೂಕಂಪದ ಯೋಚನೆ, ಕೆಳಗಿಟ್ಟರೆ ಬೆಕ್ಕಿನ ಯೋಚನೆ. ಕೊನೆಗೆ ಮಂಚದ ಕೆಳಗಿಟ್ಟು, ಮಗ್ಗುಲು ಬದಲಿಸಲೂ ಅಂಜುತ್ತ ಮಲಗಿದೆ. ಹೆಂಡತಿಗೆ ಎಲ್ಲ ಹೇಳಿದ್ದೆ. ಅವಳು ಬಟ್ಟೆ ಮಡಿಸುತ್ತ ಕೇಳಿಸಿಕೊಂಡಿದ್ದಳು.

‘ಅಂಗಡಿ ಗಾಜು ಕೈ ಕುಯ್ಯಲ್ವಾ?’ ಎಂದು ಕೇಳಿದಳು.

ಇಷ್ಟೆಲ್ಲ ಓಡಾಟದಲ್ಲಿ ನಾವು ಕಾಪಾಡಲು ಹೊರಟದ್ದು ಗಾಜನ್ನು. ಅವರ ಕೈ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಅಷ್ಟು ವರ್ಷ ಗಾಜಿನ ಜೊತೆ ಬದುಕಿದವರು ಮಾತ್ರ ಮಾಡಬಹುದಾದ ತಪ್ಪು ಅದು.

ಭಾನುವಾರ ಹಿತ್ತಲಿನಲ್ಲಿ ಎಲ್ಲ ಸಿದ್ಧವಾಗಿತ್ತು. ಡಾಕ್ಟರು ಪಂಚೆ ಮೇಲೆ ಕಟ್ಟಿ, ಬನಿಯನ್ನಿನಲ್ಲಿ, ಒಗೆಯುವ ಕಲ್ಲಿನ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಎರಡೂ ಕೈ ನಡುಗುತ್ತಿದ್ದವು. ಮುಖದಲ್ಲಿ ಮಾತ್ರ ಹಬ್ಬದ ಕಳೆ.

‘ಉಂಗುರ ಬಿಚ್ಚಯ್ಯ’ ಎಂದು ನನಗೆ ಗದರಿದರು. ‘ಪ್ರತಿ ವರ್ಷ ಹೇಳ್ಬೇಕು ನಿಂಗೆ.’

ಅಮ್ಮ ತಟ್ಟೆಯಲ್ಲಿ ಒಂದೊಂದೇ ತಂದಿಟ್ಟರು. ಡಾಕ್ಟರು ಮೊದಲು ನೀಲಿಯದನ್ನೇ ಎತ್ತಿಕೊಂಡು ನೊರೆಯೊಳಗೆ ಇಳಿಸಿದರು. ನಾನು ಉಸಿರು ಹಿಡಿದಿದ್ದೆ, ಅಭ್ಯಾಸಬಲದಿಂದ. ಆಗ ಕಂಡದ್ದನ್ನು ಇವತ್ತಿಗೂ ಮರೆಯಲಾರೆ. ನೀರಿನೊಳಗೆ ಗಾಜನ್ನು ಹಿಡಿದ ಕೂಡಲೇ ಅವರ ಕೈ ನಡುಕ ನಿಂತಿತು. ಕಡಿಮೆಯಾದದ್ದಲ್ಲ, ನಿಂತೇಹೋಯಿತು. ಅವರು ಹೇಳುತ್ತಿದ್ದುದು ಧೈರ್ಯದ ಮಾತಾಗಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಆ ಕೈಗಳನ್ನು ನಂಬಬಹುದಿತ್ತು. ಎಳೆಗರುವಿನ ಮೂತಿ ಒರೆಸುವ ಹಾಗೆ ಕತ್ತಿನ ಸುತ್ತ ಬೆರಳಾಡಿಸಿದರು, ಹೊಟ್ಟೆ ಸವರಿದರು, ಹೆಬ್ಬೆರಳು ಬುಡಕ್ಕೆ ಹೋಯಿತು.

ಹೆಬ್ಬೆರಳು ಅಲ್ಲಿ ನಿಂತಿತು. ಮತ್ತೊಮ್ಮೆ ತಡಕಿತು. ಬುಡ ನುಣ್ಣಗಿತ್ತು.

ನಾನು ಗೆಳೆಯನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಅಷ್ಟು ಅಂಗಡಿ ಸುತ್ತುವಾಗ ಬಣ್ಣ ನೋಡಿದ್ದೆವು, ಎತ್ತರ ಅಳೆದಿದ್ದೆವು, ಚಿನ್ನದ ಗೆರೆಯನ್ನು ಉಜ್ಜಿ ಸವೆಸಿದ್ದೆವು. ನಮ್ಮ ಹೆಬ್ಬೆರಳುಗಳೂ ಅಭ್ಯಾಸದಂತೆ ಕೆಳಗೆ ಹೋಗಿದ್ದವು. ಹೊಕ್ಕುಳಿಲ್ಲ ಎಂದು ಹೇಳಿದ್ದವು. ನಕಲಿಗೆ ಎಲ್ಲಿಂದ ಬರಬೇಕು ಎಂದು ನಾವು ಮುಂದೆ ಹೋಗಿದ್ದೆವು.

ಡಾಕ್ಟರು ತಲೆ ಎತ್ತಲಿಲ್ಲ. ನೀಲಿಯದನ್ನು ಜಾಲಿಸಿ, ಬಟ್ಟೆಯ ಮೇಲೆ ಇಟ್ಟು, ಕೈ ಬಿಟ್ಟರು. ನಾನು ಎತ್ತಿಕೊಂಡು ಒರೆಸಿದೆ. ಆಮೇಲೆ ಕೆಂಪು ಬುರುಡೆ, ಆಮೇಲೆ ಹೂದಾನಿ. ಪ್ರತಿಯೊಂದನ್ನೂ ಅಷ್ಟೇ ಜತನದಿಂದ ತೊಳೆದರು. ಯಾರನ್ನೂ ಬೈಯಲಿಲ್ಲ. ನಾನು ಬೇಕೆಂದೇ ಜೋರಾಗಿ ತಿಕ್ಕಿ ಒರೆಸಿದೆ. ಏನಾದರೂ ಅನ್ನಲಿ ಎಂದು. ಅನ್ನಲಿಲ್ಲ.

ಕತೆಗಳನ್ನೂ ಹೇಳಿದರು. ಕೆಂಪು ಬುರುಡೆಯನ್ನು ಮುಂದಿಟ್ಟುಕೊಂಡು ಕೋಳಿಯ ಕತೆ. ನೀಲಿಯದನ್ನು ಮುಂದಿಟ್ಟುಕೊಂಡು ನಂದಗುಡಿಯ ಅಜ್ಜಿಯ ಕತೆ. ಅಮ್ಮ ಸೆರಗಿನಿಂದ ಕೈ ಒರೆಸುತ್ತ ಬಾಗಿಲಲ್ಲಿ ನಿಂತು ಕೇಳಿದರು. ಒಂದೂ ಒಡೆಯದೆ ಮುಗಿಯಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಿರಾಳವಾಗಿ ನಿಂತದ್ದು. ಕತೆ ಮುಗಿದ ಮೇಲೆ ಎಲೆ ಹಾಕುತ್ತೇನೆಂದು ಒಳಗೆ ಹೋದರು.

ಅವರು ಹೋದದ್ದನ್ನು ನೋಡಿಕೊಂಡು ಡಾಕ್ಟರು ಗೆಳೆಯನ ಕಡೆ ತಿರುಗಿದರು.

‘ಅಂಗಡಿಯವನು ಚೆನ್ನಾಗಿ ಪ್ಯಾಕ್ ಮಾಡಿ ಕೊಟ್ನಾ?’

ಯಾವ ಮಾತಿಗೂ ತಡವರಿಸದ ಅವನು ತಡವರಿಸಿದ. ‘ಡಾಕ್ಟ್ರೇ, ನಾವು ಏನೋ...’

‘ಇರ್ಲಿ ಬಿಡೋ. ನನ್ನವು ಎಲ್ಲಿವೆ?’

‘ನಮ್ಮನೇಲಿ, ಸರ್’ ಎಂದೆ ನಾನು. ‘ಮಂಚದ ಕೆಳಗೆ. ಹೊಟ್ಟು ಹಾಕಿಟ್ಟಿದ್ದೀನಿ. ನಾಳೇನೇ ತಂದುಬಿಡ್ತೀನಿ.’

ಅವರು ಸ್ವಲ್ಪ ಹೊತ್ತು ಅಡಿಗೆಮನೆಯ ಕಡೆಯಿಂದ ಬರುತ್ತಿದ್ದ ಲೋಟ ತಟ್ಟೆಗಳ ಸದ್ದು ಕೇಳಿದರು. ತೊಡೆಯ ಮೇಲೆ ಕೈಗಳು ಮತ್ತೆ ಕುಣಿಯತೊಡಗಿದ್ದವು.

‘ಬೇಡ. ಅಲ್ಲೇ ಇರ್ಲಿ. ಬಟ್ಟಲು ಒಡೆದಾಗಿಂದ ಅವಳು ನಿದ್ದೆ ಮಾಡಿಲ್ಲ. ನಾನು ಶೋಕೇಸ್ ಹತ್ರ ಹೋದ್ರೆ ಸಾಕು, ಎಲ್ಲಿದ್ರೂ ಓಡಿ ಬರ್ತಾಳೆ. ಇವು ಇದ್ರೆ ಓಡಿ ಬರಲ್ಲ.’ ಆಮೇಲೆ ತಗ್ಗಿದ ದನಿಯಲ್ಲಿ, ‘ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡಿ ಇಬ್ರೂ’ ಎಂದರು.

ಊಟದಲ್ಲಿ ಅಮ್ಮ ಅವರಿಗೆ ಎರಡನೆಯ ಸಲ ಪಾಯಸ ಬಡಿಸಿದರು. ‘ನೋಡಿದ್ರಾ, ಒಂದೂ ಒಡೀಲಿಲ್ಲ. ಸುಮ್ನೆ ಹೆದರಿಕೊಂಡಿದ್ದೆ’ ಎಂದರು. ಡಾಕ್ಟರು ಹೂಂ ಎಂದರು.

ಅಲ್ಲಿಂದ ಮುಂದೆ ಅವರ ಶೋಕೇಸಿನಲ್ಲಿ ಅಂಗಡಿಯ ಗಾಜು, ನನ್ನ ಮಂಚದ ಕೆಳಗೆ ಅವರದು. ನಾನು ಹೋದಾಗಲೆಲ್ಲ ಅವರು ಆ ಶೋಕೇಸಿನ ಎದುರಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಗಾಜಿನ ಮಾತು ಆಡುತ್ತಿರಲಿಲ್ಲ. ರಿಂಗ್ ರೋಡು, ಮಾವು, ನನ್ನ ಮಗಳ ಓದು, ಇಂಥವೇ. ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಮಾತ್ರ, ಹೊರಡಲು ಎದ್ದವನ ಕೈ ಹಿಡಿದು, ‘ನೀಲೀದನ್ನ ಒಂದ್ಸಲ ತಗೊಂಡು ಬಾರಯ್ಯ. ಅವಳು ದೇವಸ್ಥಾನಕ್ಕೆ ಹೋಗಿರೋ ಹೊತ್ತಲ್ಲಿ’ ಎಂದರು.

ಮರುವಾರವೇ ತಂದೆ. ಬೆಳಗ್ಗೆ ಅಮ್ಮ ಪೂಜೆಗೆ ಹೋಗಿದ್ದರು. ಹೊಟ್ಟು ಕೊಡವಿ, ಪನ್ನೀರುದಾನಿಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟು, ಕೈ ಬಿಟ್ಟು, ಹಿಂದೆ ಸರಿದೆ. ಕಿಟಕಿಯ ಬೆಳಕು ಅದರ ಹೊಟ್ಟೆಯೊಳಗೆ ನಿಂತಿತು. ಎದುರಿನ ಶೋಕೇಸಿನಲ್ಲಿ ಅದರದೇ ಬಣ್ಣದ ಇನ್ನೊಂದು. ಪಕ್ಕಪಕ್ಕದಲ್ಲಿ ನೋಡಿದರೆ ಯಾವ ಮಗುವಾದರೂ ವ್ಯತ್ಯಾಸ ಹೇಳುವಂತಿತ್ತು.

ಡಾಕ್ಟರು ಬಲಗೈ ಮುಂದೆ ಚಾಚಿದರು. ಕೆಲಸಕ್ಕೆ ಕಟ್ಟಿದರೆ ಸುಮ್ಮನಾಗುತ್ತಿದ್ದ ಕೈ ಈ ಸಲ ಸುಮ್ಮನಾಗಲಿಲ್ಲ. ಗಾಜಿನ ಹತ್ತಿರ ಹೋದಷ್ಟೂ ನಡುಕ ಹೆಚ್ಚಿತು. ಬೆರಳುಗಳು ಕತ್ತಿನ ಹತ್ತಿರ ಗಾಳಿಯಲ್ಲಿ ಬಡಿದುಕೊಂಡವು. ಎರಡು ಸಲ ಚಾಚಿ, ಎರಡು ಸಲವೂ ಹಿಂದೆಗೆದುಕೊಂಡರು. ನಾನು ಹಿಡಿದುಕೊಳ್ಳಲೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರು ಬಲಗೈಯನ್ನು ಎಡಗೈಯಿಂದ ಅದುಮಿ ತೊಡೆಯ ನಡುವೆ ಇಟ್ಟುಕೊಂಡರು. ನಾಲ್ಕು ತಿಂಗಳ ಹಿಂದೆ ಆ ಕೈ ನೀರಿನೊಳಗೆ ಎಷ್ಟು ನಿಶ್ಚಲವಾಗಿತ್ತು ಎಂಬುದು ಇಬ್ಬರಿಗೂ ನೆನಪಿತ್ತು. ಆ ನಿಶ್ಚಲತೆಯನ್ನು ಅಂದು ಯಾವ ಗಾಜಿಗೆ ಖರ್ಚು ಮಾಡಿಸಿದೆವು ಎಂಬುದೂ.

ಗೇಟಿನ ಸದ್ದಾಯಿತು. ಅಮ್ಮ ಬೇಗ ಬಂದುಬಿಟ್ಟಿದ್ದರು. ಹೂವಿನ ಬುಟ್ಟಿ ಹಿಡಿದು ಒಳಗೆ ಕಾಲಿಟ್ಟವರು ಮೇಜಿನ ಮೇಲಿದ್ದುದನ್ನು ನೋಡಿ ನಿಂತರು. ಶೋಕೇಸಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರೇ ಮಾತಾಡಿದರು.

‘ನೋಡೇ ಇಲ್ಲಿ, ಇವನಿಗೆ ಎಲ್ಲೋ ಸಿಕ್ಕಿತಂತೆ. ಥೇಟ್ ನಮ್ಮದರ ಥರಾನೇ ಇದೆ. ತೋರಿಸೋಕೆ ತಂದಿದ್ದಾನೆ.’

‘ಹೌದಾ’ ಎಂದರು ಅಮ್ಮ.

‘ನಕಲು. ಈಗಿನವರು ಚೆನ್ನಾಗಿ ಮಾಡ್ತಾರೆ.’

ಅಮ್ಮ ಬುಟ್ಟಿಯನ್ನು ಕೆಳಗಿಟ್ಟು, ನಿಧಾನವಾಗಿ ಹತ್ತಿರ ಬಂದು ಅದನ್ನು ನೋಡಿದರು. ‘ನಮ್ಮದೇ ಚೆಂದ’ ಎಂದರು, ಶೋಕೇಸಿನ ಕಡೆ ಕೈ ಮಾಡಿ.

‘ಹೂಂ. ನಮ್ಮದೇ ಚೆಂದ.’

ನಾನು ಅಸಲಿಯನ್ನು ಹೊಟ್ಟಿನಲ್ಲಿ ಮುಚ್ಚಿದೆ. ಯಾರ ಮುಖವನ್ನೂ ನೋಡದೆ ಮುಚ್ಚಿದೆ.

ಮುಂಗಾರು ಶುರುವಾಗುವ ಹೊತ್ತಿಗೆ ಡಾಕ್ಟರು ತೀರಿಕೊಂಡರು. ನುಂಗಲು ಆಗದೆ, ಎದೆಗೆ ನೀರು ಸೇರಿ, ಆಸ್ಪತ್ರೆಯಲ್ಲಿ. ಆ ಫೋನು ಮಧ್ಯಾಹ್ನ ಬಂತು. ಬೆಳಗಿನ ಫೋನಿಗಷ್ಟೇ ಹೆದರುತ್ತ ಬಂದಿದ್ದ ನಾನು ಸೈಟಿನ ಹುಡುಗಿಯೇ ಎಂದುಕೊಂಡು ಸಿಡುಕಿಯೇ ಎತ್ತಿದ್ದೆ.

ತಿಥಿಯ ಕೆಲಸಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ, ರಟ್ಟಿನ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಹೋದೆ. ಅಮ್ಮನ ವಸ್ತು ಅಮ್ಮನಿಗೆ ಸೇರಬೇಕು. ಮನೆ ಸದ್ದಿಲ್ಲದೆ ಇತ್ತು. ಪಡಸಾಲೆಯಲ್ಲಿ ಅವರ ಕುರ್ಚಿಯ ಮೇಲೆ ಮಡಿಸಿದ ಬಟ್ಟೆಗಳಿದ್ದವು. ನಾನು ಪೆಟ್ಟಿಗೆ ಬಿಚ್ಚಲು ಬಗ್ಗಿದಾಗ ಅಮ್ಮ ತಡೆದರು.

‘ಬೇಡಪ್ಪಾ. ತೆಗೀಬೇಡಿ.’

‘ನಿಮ್ಮವೇ ಅಲ್ವಾ ಅಮ್ಮ. ಇಷ್ಟು ದಿನ ಇಟ್ಕೊಂಡಿದ್ದೇ ಹೆಚ್ಚು. ಶೋಕೇಸಲ್ಲಿ ಇಟ್ಕೊಟ್ಟು ಹೋಗ್ತೀನಿ.’

‘ಅಲ್ಲಿರೋವನ್ನ ತೆಗೆದು ಎಲ್ಲಿಡ್ಲಿ?’ ಎಂದರು. ‘ಅವು ಅವರು ಕೊನೇಗೆ ತೊಳೆದಿಟ್ಟವು. ಆಮೇಲೆ ಯಾರೂ ಮುಟ್ಟಿಲ್ಲ. ನಾನು ಧೂಳೂ ಒರೆಸಿಲ್ಲ. ಅವನ್ನ ತೆಗೆಯೋಕೆ ನನ್ನ ಕೈಲಿ ಆಗಲ್ಲ.’

ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಒತ್ತಿದೆ. ಅವರು ಕಂಬಕ್ಕೆ ಒರಗಿ ಕೂತರು. ಹೊರಗೆ ಯಾರೋ ಹಾಲಿನ ಕ್ಯಾನು ಕಟ್ಟಿಕೊಂಡು ಗಾಡಿಯಲ್ಲಿ ಹೋದರು.

‘ಅವತ್ತು ನೀವು ನೀಲೀದು ತಂದಿದ್ರಲ್ಲ’ ಎಂದರು. ‘ನನ್ನ ಎದೆ ಧಸಕ್ ಅಂತು. ಇನ್ನೇನು ಗೊತ್ತಾಗೋಯ್ತು, ಇಷ್ಟು ದಿನ ಇವಳು ನಂಗೆ ಮೋಸ ಮಾಡಿದ್ಲು ಅಂದ್ಕೋತಾರೆ ಅಂತ. ಅವರು ಅದನ್ನೇ ನಕಲು ಅಂದಾಗ ಜೀವ ಬಂತು. ಆದ್ರೆ ಆಮೇಲಿಂದ ಯೋಚನೆ. ಅಷ್ಟು ವರ್ಷ ಕೈಯಲ್ಲಿ ಆಡಿಸಿದವರು, ಅಸಲಿಗೇ ನಕಲು ಅಂದ್ರಲ್ಲ.’

ನಾನು ನೆಲಕ್ಕೆ ಉದುರಿದ್ದ ಹೊಟ್ಟನ್ನು ಬೆರಳಿಂದ ಒಟ್ಟುಮಾಡಿದೆ.

‘ಅವರಿಗೆ ಗೊತ್ತಿತ್ತೇನಪ್ಪಾ? ನೀವು ಹೇಳಿ, ನಾನೇನೂ ಅಂದ್ಕೊಳ್ಳಲ್ಲ.’

ಸುಳ್ಳು ಹೇಳುವಾಗ ನನ್ನ ಕಿವಿಗಳು ಕೆಂಪಾಗುತ್ತವೆ, ಹೆಂಡತಿ ಅದನ್ನು ನೋಡಿಯೇ ಹಿಡಿದುಬಿಡುತ್ತಾಳೆ. ಅಮ್ಮ ನನ್ನ ಕಿವಿಯನ್ನು ನೋಡಲಿಲ್ಲ. ಬಾಯನ್ನೇ ನೋಡುತ್ತಿದ್ದರು.

‘ಇಲ್ಲಮ್ಮ. ಕಣ್ಣು ಮಂಜಾಗಿತ್ತಲ್ಲ ಅವರಿಗೆ. ಗೊತ್ತಾಗ್ಲಿಲ್ಲ.’

ಅವರು ಬಹಳ ಹೊತ್ತು ಶೋಕೇಸನ್ನು ನೋಡುತ್ತ ಕೂತರು.

‘ಸದ್ಯ’ ಎಂದರು. ಸ್ವಲ್ಪ ಬಿಟ್ಟು, ನನ್ನನ್ನು ಮರೆತವರಂತೆ, ಮತ್ತೊಮ್ಮೆ ‘ಸದ್ಯ’ ಎಂದರು. ಆಮೇಲೆ ಕಾಫಿ ಮಾಡಲು ಎದ್ದು ಹೋದರು. ಅವರು ಒಳಗಿದ್ದಾಗಲೇ ನಾನು ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬಾಗಿಲು ಹಾಕಿ ಬಂದೆ.